ಎರಡು ಬೆರಳಿನಷ್ಟು ಬಟ್ಟೆ

ಹೊಲಿದು ಮುಗಿದ ಪ್ಯಾಂಟುಗಳಿಂದ ದಾರದ ತುದಿಗಳನ್ನು ಕತ್ತರಿಸುತ್ತ ಕೂತಿದ್ದೆ. ಅಣ್ಣ ಎದುರಿನ ಉದ್ದ ಮೇಜಿನ ಮೇಲೆ ಬಟ್ಟೆ ಹಾಸಿಕೊಂಡು ಚಾಕ್‌ಪೀಸಿನಿಂದ ಗೆರೆ ಎಳೆಯುತ್ತಿದ್ದ. ಇಬ್ಬರೂ ಮಾತಾಡುತ್ತಿರಲಿಲ್ಲ. ಒಂದು ಪ್ಯಾಂಟಿನಲ್ಲಿ ಹನ್ನೊಂದು ಕಡೆ ದಾರ ಉಳಿದಿರುತ್ತದೆ. ಬುಡಕ್ಕೇ ಕತ್ತರಿಸಬೇಕು, ಹೊಲಿಗೆಗೆ ತಾಗಬಾರದು. ಕತ್ತರಿಸಿದ ಚೂರುಗಳನ್ನು ಮಡಿಲಲ್ಲೇ ಹಾಕಿಕೊಳ್ಳುತ್ತಿದ್ದೆ, ಆಮೇಲೆ ಗುಡಿಸುವುದು ತಪ್ಪಲಿ ಎಂದು. ನನ್ನ ಪಕ್ಕದಲ್ಲಿ ಗುಂಡಿಯ ಡಬ್ಬಿ, ಅದರ ಮುಚ್ಚಳದ ಮೇಲೆ ಅಣ್ಣನ ಫೋನು.

ಆ ಫೋನು ನನ್ನ ಕೈಗೆ ಬಂದು ಅಂದಿಗೆ ಎಪ್ಪತ್ತೆರಡು ದಿನವಾಗಿತ್ತು. ಇನ್ನು ಹದಿನೆಂಟು ದಿನ ಕಳೆದರೆ ಅತ್ತಿಗೆ ಮಗುವನ್ನು ಕರೆದುಕೊಂಡು ವಾಪಸು ಬರುತ್ತಿದ್ದರು.

ಫೋನನ್ನು ಆಫ್ ಮಾಡಿ ಪೆಟ್ಟಿಗೆಗೆ ಹಾಕಿಬಿಡಬಹುದಿತ್ತಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಅಂಗಡಿಯ ಬೋರ್ಡಿನ ಮೇಲೆ ಬರೆಸಿದ್ದು ಅದೇ ನಂಬರು. ಕೋಟು ಕೊಟ್ಟವರು, ರವಿಕೆ ಕೊಟ್ಟವರು, ಶಾಲೆಯ ಯೂನಿಫಾರ್ಮಿನ ಆರ್ಡರ್ ಕೊಟ್ಟ ಗುಮಾಸ್ತರು, ಎಲ್ಲರೂ ಅದಕ್ಕೇ ಮಾಡುತ್ತಿದ್ದರು. ಹಾಗಾಗಿ ಫೋನು ಜೀವಂತವಾಗಿರಬೇಕಿತ್ತು, ಅಣ್ಣನ ಕೈಯಲ್ಲಿ ಮಾತ್ರ ಇರಬಾರದಿತ್ತು. ಕೊಡುವಾಗ ಅವನೇ ಹೇಳಿದ್ದ.

"ನಾನು ಕೇಳಿದ್ರೂ ಕೊಡ್ಬೇಡ. ಅತ್ರೂ ಕೊಡ್ಬೇಡ. ಹೊಡೆದ್ರೂ ಕೊಡ್ಬೇಡ."

"ಹೊಡೀತೀಯಾ?"

"ಮಾತಿಗೆ ಹೇಳ್ದೆ ಕಣೇ." ಆಮೇಲೆ ಅತ್ತಿಗೆಯ ಕಡೆ ತಿರುಗಿ, "ಇವಳ ಬಾಯಿಂದ ಒಂದು ಮಾತು ಹೊರಡಿಸೋದೇ ಕಷ್ಟ. ಇನ್ನು ಕೈಯಿಂದ ಫೋನು ಹೊರಡುತ್ತಾ?" ಎಂದ.

ಅತ್ತಿಗೆ ನಗಲಿಲ್ಲ. ಆದರೆ ಒಪ್ಪಿದರು.

ನನಗೆ ಮಾತು ಕಡಿಮೆ. ಏಳನೆಯ ತರಗತಿಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದಲು ಹೇಳುತ್ತಿದ್ದರು. ಒಂದು ದಿನ ಹೊಟ್ಟೆನೋವು ಎಂದು ಮನೆಯಲ್ಲಿ ಉಳಿದೆ, ಮರುದಿನವೂ ಉಳಿದೆ. ಅಪ್ಪ ಇನ್ನೂ ಇದ್ದರು. ಬೈಯದೆ ಕೈಗೆ ಸೂಜಿ ಕೊಟ್ಟು ಗುಂಡಿಗೆ ಕಾಜಾ ಹಾಕುವುದನ್ನು ಕಲಿಸಿದರು. ಅಂದಿನಿಂದ ಬೀದಿಯವರಿಗೆಲ್ಲ ನಾನು ಸೂಜಿ. ಇಂಥವಳಿಗೆ ಫೋನಿನಲ್ಲಿ ಹಲೋ ಎನ್ನಲು ಮೂರು ದಿನ ಬೇಕಾಯಿತು. ಪಕ್ಕದ ಹೇರ್ ಕಟಿಂಗ್ ಅಂಗಡಿಯ ಯಜಮಾನ, ನಾವು ಮಾಮ ಎಂದು ಕರೆಯುವವರು, ಬಾಚಣಿಗೆ ಹಿಡಿದು ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು.

"ಏನಮ್ಮಾ ಸೂಜಿ, ಫೋನಲ್ಲಿ ಮಾತಾಡ್ತಿದೀಯೋ, ಫೋನಿಗೆ ಗುಟ್ಟು ಹೇಳ್ತಿದೀಯೋ?"

ಅಣ್ಣ ಮೊದಲಾಗಿದ್ದರೆ ಇದಕ್ಕೆ ನಾಲ್ಕು ಮಾತು ಸೇರಿಸುತ್ತಿದ್ದ. ಈಗ ತಲೆ ಎತ್ತಲಿಲ್ಲ.

ಇದೆಲ್ಲ ಶುರುವಾಗಿ ನಾಲ್ಕು ವರ್ಷ. ಒಂದು ದೊಡ್ಡ ಪಂದ್ಯದ ದಿನ ಮಾಮನ ಅಂಗಡಿಯಲ್ಲಿ ಟಿವಿ ನೋಡುತ್ತ ಎಲ್ಲರೂ ಪಂದ್ಯದ ಮೇಲೆ ದುಡ್ಡು ಕಟ್ಟುವ ಆ ಆಪ್ ಹಾಕಿಕೊಂಡರು. ಮೊದಲ ಸಲ ಹಾಕಿಕೊಂಡವರಿಗೆ ಆಡಲು ದುಡ್ಡು ಕಂಪನಿಯವರೇ ಕೊಡುತ್ತಿದ್ದರು. ಮಾಮನೂ ಆಡಿದರು, ಸೋತರು, ಬಿಟ್ಟರು. "ನನ್ನ ಕೈಲಿ ದಿನಾ ಹತ್ತು ಜನರ ಕತ್ತು ಇರುತ್ತೆ, ಮನಸ್ಸು ಬೇರೆ ಕಡೆ ಹೋದ್ರೆ ಕಷ್ಟ," ಎಂದರು. ಅಣ್ಣ ಬಿಡಲಿಲ್ಲ. ದೊಡ್ಡ ಪಂದ್ಯಗಳು ವಾರಕ್ಕೊಂದು ಎರಡು. ಆಪ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಏನಾದರೊಂದು ನಡೆಯುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜುವಾಗ ಅಣ್ಣ ಯಾವುದೋ ದೇಶದ ಟೇಬಲ್ ಟೆನಿಸ್ ನೋಡುತ್ತಿದ್ದ. ಆಡುವ ಇಬ್ಬರ ಹೆಸರನ್ನು ಉಚ್ಚರಿಸಲೂ ಬಾರದು, ಆದರೆ ಒಬ್ಬನ ಎಡಗೈ ಮಣಿಕಟ್ಟು ನೋಯುತ್ತಿದೆ ಎನ್ನುವುದು ಇವನಿಗೆ ಗೊತ್ತಿತ್ತು. "ಪಾಪ, ಅವನಿಗೆ ಮಣಿಕಟ್ಟು ಸರಿಯಿಲ್ಲ," ಎಂದು ಕೊರಗುತ್ತಿದ್ದ. ಅದೇ ವಾರ ಅತ್ತಿಗೆಗೆ ಬೆರಳಿನ ಮೇಲೆ ಮೆಷಿನ್ ಸೂಜಿ ಇಳಿದಿತ್ತು. ಅದನ್ನು ಅವನು ನೋಡಿದ್ದು ಪಟ್ಟಿ ಬಿಚ್ಚಿದ ಮೇಲೆ.

ಹೆಚ್ಚು ಸೋಲತೊಡಗಿದ ಮೇಲೆ ಅವನಿಗೆ ಒಂದು ಸಂದೇಶ ಬಂತು. ನೀವು ನಮ್ಮ ವಿಶೇಷ ಗ್ರಾಹಕರು, ನಿಮಗಾಗಿಯೇ ಒಬ್ಬ ಮ್ಯಾನೇಜರನ್ನು ನೇಮಿಸಿದ್ದೇವೆ ಎಂದು. ಅಣ್ಣ ಅದನ್ನು ಬೀದಿಯಲ್ಲೆಲ್ಲ ತೋರಿಸಿಕೊಂಡು ಬಂದ.

"ನಮ್ಮ ವಂಶದಲ್ಲಿ ಎಲ್ರೂ ಮ್ಯಾನೇಜರ್ ಕೈಕೆಳಗೆ ದುಡಿದವರೇ. ನನ್ನ ಕೈಕೆಳಗೆ ಮ್ಯಾನೇಜರ್ ಇದಾನೆ ನೋಡು."

ಆ ಮ್ಯಾನೇಜರ್ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಸರ್ ಎನ್ನುತ್ತಿದ್ದ. ಅಣ್ಣನನ್ನು ಸರ್ ಎಂದು ಕರೆದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಹುಟ್ಟಿದ ದಿನಕ್ಕೆ ಒಂದು ರೆಡಿಮೇಡ್ ಶರ್ಟು ಕಳಿಸಿಕೊಟ್ಟ, ಎದೆಯ ಮೇಲೆ ಕಂಪನಿಯ ಹಸಿರು ಗುರುತು ಇದ್ದದ್ದು. ದರ್ಜಿಯಾಗಿ ಹುಟ್ಟಿ ಒಂದು ದಿನವೂ ಕೊಂಡ ಶರ್ಟು ತೊಡದ ಅಣ್ಣ ಅದನ್ನು ತೊಟ್ಟುಕೊಂಡು ತಿರುಗಿದ. ತಿಂಗಳೊಳಗೆ ಕಂಕುಳಲ್ಲಿ ಹೊಲಿಗೆ ಬಿಟ್ಟಿತು. ಹಾಕಿಕೊಡು ಎಂದು ಅತ್ತಿಗೆಯ ಮುಂದೆ ಹಿಡಿದ.

"ನಿಮ್ಮ ಮ್ಯಾನೇಜರಿಗೇ ಕಳಿಸಿ. ಹೊಲಿದು ಕೊಡ್ತಾನೆ," ಎಂದರು ಅತ್ತಿಗೆ.

"ನೀನು ಅವನನ್ನ ಸುಮ್ನೆ ಬೈತೀಯ. ಮಗೂಗೆ ಜ್ವರ ಅಂದಿದ್ದನ್ನ ನೆನಪಿಟ್ಟು ಕೇಳ್ದ ಗೊತ್ತಾ? ಹೇಗಿದೆ ಸರ್ ಪಾಪು ಅಂತ."

"ಅವನಿಗೆ ನೆನಪಿದೆ. ಅಪ್ಪನಿಗೆ ನೆನಪಿರಲಿಲ್ಲ."

ಒಂದು ಮಧ್ಯಾಹ್ನ ಅತ್ತಿಗೆ ಮಗುವನ್ನು ಶಾಲೆಯಿಂದ ಕರೆದುಕೊಂಡು ಬಂದಾಗ ಅವರ ಹೊಲಿಗೆ ಮೆಷಿನ್ ಇದ್ದ ಜಾಗದಲ್ಲಿ ಮೆಷಿನ್ ಇರಲಿಲ್ಲ. ಅದರ ಮೇಲೆ ಹೊದಿಸುತ್ತಿದ್ದ ಬಟ್ಟೆ ಇತ್ತು, ಮಡಿಸಿ ಇಟ್ಟದ್ದು. ಅದು ಅತ್ತಿಗೆ ಮದುವೆಗೆ ಮೊದಲು ದುಡಿದು ಕೊಂಡ ಮೆಷಿನ್. ಅವರು ಆ ಬಟ್ಟೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಅಣ್ಣನಿಗೆ ಉತ್ತರ ಕೊಡಲು ಏನಾದರೂ ಸಿಗುತ್ತಿತ್ತು.

ತವರಿಗೆ ಹೊರಡುವ ಮುಂಚೆ ಅವರು ಕೇಳಿದ್ದು ಒಂದೇ. ಆ ಆಪ್‌ನಲ್ಲಿ ಆಟ ನಿಲ್ಲಿಸುವ ದಾರಿ ಇದೆಯಂತೆ, ನನ್ನ ಕಣ್ಣೆದುರು ನಿಲ್ಲಿಸಿ ಎಂದು. ಅತ್ತಿಗೆಯೂ ನಾನೂ ಆ ಗುಂಡಿಯನ್ನು ಅರ್ಧ ದಿನ ಹುಡುಕಿದೆವು. ದುಡ್ಡು ಹಾಕುವ ಗುಂಡಿ ಎಲ್ಲ ಪರದೆಯಲ್ಲೂ ಇತ್ತು, ಹಸಿರು ಬಣ್ಣದಲ್ಲಿ, ಹೆಬ್ಬೆರಳಿಗೆ ಸಿಗುವ ಜಾಗದಲ್ಲೇ. ನಿಲ್ಲಿಸುವ ಗುಂಡಿ ಆರು ಪರದೆ ದಾಟಿದ ಮೇಲೆ, ಬೂದು ಅಕ್ಷರದಲ್ಲಿ, ತಳದಲ್ಲಿ ಸಿಕ್ಕಿತು. ಅದನ್ನು ಒತ್ತಿದರೆ ಖಚಿತವೇ ಎಂದು ಮೂರು ಸಲ ಕೇಳಿತು. ದುಡ್ಡು ಹಾಕುವಾಗ ಅದು ಒಂದು ಸಲವೂ ಕೇಳಿದ್ದನ್ನು ನಾನು ನೋಡಿರಲಿಲ್ಲ. ತೊಂಬತ್ತು ದಿನದ ವಿರಾಮ ಎಂಬುದನ್ನು ಅಣ್ಣ ಒತ್ತಿದ.

"ತೊಂಬತ್ತು ದಿನ ಇದು ಹೀಗೇ ಇದ್ರೆ ನಾನು ಬರ್ತೀನಿ," ಎಂದರು ಅತ್ತಿಗೆ. "ಇಲ್ಲದಿದ್ರೆ ಅಮ್ಮನ ಮನೆ ಹತ್ರಾನೇ ಮಗೂನ ಶಾಲೆಗೆ ಸೇರಿಸ್ತೀನಿ. ಆಮೇಲೆ ಕರೀಬೇಡಿ."

ಪ್ರತಿ ಭಾನುವಾರ ಮಾಮನ ಫೋನಿಗೆ ಕರೆ ಮಾಡಿ ನನ್ನನ್ನು ಕರೆಸುತ್ತಿದ್ದರು. ನಾನು ಕಟಿಂಗ್ ಅಂಗಡಿಯ ಒಳಗೆ ಹೋಗಿ ನಿಲ್ಲುತ್ತಿದ್ದೆ. ಮಾಮ ಕೇಳಿಸಿಕೊಳ್ಳುತ್ತಿಲ್ಲ ಎಂದು ತೋರಿಸಲು ನಲ್ಲಿ ಬಿಟ್ಟು ಬಾಚಣಿಗೆಗಳನ್ನು ತೊಳೆಯುತ್ತಿದ್ದರು.

"ಹೇಗಿದಾರೆ ನಿಮ್ಮಣ್ಣ?"

"ಚೆನ್ನಾಗಿದಾನೆ ಅತ್ತಿಗೆ."

"ಫೋನು?"

"ನನ್ನ ಹತ್ರಾನೇ ಇದೆ."

"ನೀನು ಹೇಳಿದ್ರೆ ನಂಬ್ತೀನಿ," ಎಂದು ಇಡುತ್ತಿದ್ದರು.

ಹತ್ತು ಭಾನುವಾರ ಆ ಮಾತು ನಿಜವಾಗಿತ್ತು. ಅಣ್ಣ ಫೋನು ಕೇಳಲಿಲ್ಲ. ಕೆಲಸ ಮಾಡಿದ, ಹಾಕಿದ್ದನ್ನು ಉಂಡ, ಗೋಡೆಯ ಕಡೆ ಮುಖ ಮಾಡಿ ಮಲಗಿದ. ಆದರೆ ನಗುವುದು ನಿಂತುಹೋಗಿತ್ತು. ಅಳತೆ ಕೊಡಲು ಬಂದವರ ಹೊಟ್ಟೆ ನೋಡಿ, "ಉಸಿರು ಬಿಡಿ ಸರ್, ನಾನೇನು ಟ್ಯಾಕ್ಸ್ ಹಾಕಲ್ಲ," ಎನ್ನುತ್ತಿದ್ದವನು ಈಗ ಟೇಪು ಸುತ್ತಿ ಅಂಕಿ ಬರೆದುಕೊಂಡು ಸುಮ್ಮನಾಗುತ್ತಿದ್ದ. ಬಂದವರೂ ಸುಮ್ಮನೆ ಹೋಗುತ್ತಿದ್ದರು. ಅವನ ಜೊತೆ ಇಡೀ ದಿನ ಕೂತಿರುವವಳು ನಾನು. ಮಾತಾಡದವರಿಗೆ ಪಕ್ಕದಲ್ಲಿ ಮಾತಾಡುವವರೊಬ್ಬರು ಇರಬೇಕು. ಅದು ನನಗೆ ಆಗ ಗೊತ್ತಾಯಿತು.

ಎಪ್ಪತ್ತೆರಡನೆಯ ದಿನ, ಮಂಗಳವಾರ, ದಾರ ಕತ್ತರಿಸುತ್ತಿದ್ದಾಗ ಫೋನು ಬಂತು. ಗೊತ್ತಿಲ್ಲದ ನಂಬರು. ಶಾಲೆಯ ಗುಮಾಸ್ತರಿರಬೇಕು ಎಂದು ಎತ್ತಿದೆ.

"ನಮಸ್ಕಾರ ಮೇಡಂ. ಸರ್ ಇದಾರಾ?"

"ಕೆಲ್ಸದಲ್ಲಿದಾರೆ."

"ನೀವು ತಂಗಿಯವರಲ್ವಾ? ನಿಮ್ಮ ವಿಷಯ ಸರ್ ತುಂಬಾ ಹೇಳಿದಾರೆ. ಕಾಜಾ ಹಾಕೋದ್ರಲ್ಲಿ ನಿಮ್ಮ ಸಮ ಯಾರೂ ಇಲ್ಲ ಅಂತ."

ಅಣ್ಣ ಹಾಗೆ ಯಾರಿಗಾದರೂ ಹೇಳಿರಬಹುದು ಎಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಯಾರೆಂದು ಆಗ ತಿಳಿಯಿತು. ಇಟ್ಟುಬಿಡಬೇಕಿತ್ತು. ಎದುರಿನವರು ಮಾತಾಡುತ್ತಿರುವಾಗ ನಡುವೆ ಫೋನು ಇಡುವುದು ನನ್ನಿಂದ ಆಗುವ ಕೆಲಸವಲ್ಲ. ಗುಂಡಿ ಬಣ್ಣ ಸರಿಯಿಲ್ಲ ಎಂದು ಬೈದವರ ಫೋನನ್ನೂ ಅವರೇ ಇಡುವ ತನಕ ಕಿವಿಗೆ ಹಿಡಿದುಕೊಂಡವಳು ನಾನು.

"ಅವ್ರು ಈಗ ಆಡಲ್ಲ," ಎಂದೆ. ಮೇಜಿನ ಕಡೆ ಕೇಳಿಸದ ಹಾಗೆ.

"ಗೊತ್ತು ಮೇಡಂ, ನಮಗೆ ಪರದೆ ಮೇಲೆ ಕಾಣುತ್ತಲ್ಲ. ಒಳ್ಳೇ ನಿರ್ಧಾರ. ಶಾಭಾಸ್ ಹೇಳೋಣ ಅಂತಾನೇ ಮಾಡ್ದೆ. ಆಡಿ ಅಂತ ಹೇಳೋಕಲ್ಲ." ಅವನ ದನಿ ಚಿಕ್ಕ ವಯಸ್ಸಿನವನದು, ನೆಗಡಿಯಾದವನ ಹಾಗಿತ್ತು. ಅವನ ಹಿಂದಿನಿಂದ ಬೇರೆ ಬೇರೆ ಗಂಡಸರು, ಹೆಂಗಸರು ಅದೇ ಮಾತುಗಳನ್ನು ಬೇರೆ ಯಾರಿಗೋ ಹೇಳುತ್ತಿದ್ದದ್ದು ಕೇಳುತ್ತಿತ್ತು. "ಸರ್ ಹೇಗಿದಾರೆ ಮೇಡಂ? ಮೊದಲಿನ ಹಾಗೆ ನಗ್ತಾರಾ?"

ನಾನು ಉತ್ತರ ಕೊಡಲಿಲ್ಲ. ಕೊಡದಿದ್ದದ್ದೇ ಅವನಿಗೆ ಉತ್ತರವಾಯಿತು.

"ಹಾಗೇ ಆಗುತ್ತೆ ಮೇಡಂ. ಸುಮಾರು ಜನ ಹೀಗೆ ಮಂಕಾಗಿಬಿಡ್ತಾರೆ. ಒಂದೇ ನಿಮಿಷ ಕೊಡಿ. ನಗಿಸಿ ಇಟ್ಬಿಡ್ತೀನಿ."

ಅಣ್ಣ ಆಗ ಕೈಯ ಚಾಕ್ ಚೂರಾದದ್ದನ್ನು ನೋಡುತ್ತ ನಿಂತಿದ್ದ. ಇನ್ನೊಂದು ಚಾಕ್ ತೆಗೆದುಕೊಳ್ಳುವುದನ್ನೂ ಮರೆತವನ ಹಾಗೆ. ನಾನು ಎದ್ದು ಹೋಗಿ ಫೋನನ್ನು ಅವನ ಮುಂದೆ ಹಿಡಿದೆ. ಮಡಿಲಿನ ದಾರವೆಲ್ಲ ನೆಲಕ್ಕೆ ಬಿತ್ತು.

"ಯಾರೇ?"

"ಒಂದು ನಿಮಿಷ ಅಂತೆ."

ಅವನು ಕಿವಿಗೆ ಹಿಡಿದುಕೊಂಡ. ಮುಖ ಬದಲಾಯಿತು. ನನ್ನನ್ನೊಮ್ಮೆ ನೋಡಿ ಹಿಂದಿನ ಕೋಣೆಗೆ ಹೋದ. ನಾನು ನೆಲದ ದಾರ ಗುಡಿಸಿದೆ. ಒಳಗಿನಿಂದ ಅವನ ನಗು ಕೇಳಿತು, ಮೊದಲು ಸಣ್ಣಗೆ, ಆಮೇಲೆ ಜೋರಾಗಿ, ಕೆಮ್ಮು ಬರುವಷ್ಟು. ಅದನ್ನು ಕೇಳಿ ನನಗೆ ಸಂತೋಷವಾಯಿತು. ಸುಳ್ಳು ಹೇಳಲಾರೆ, ತುಂಬಾ ಸಂತೋಷವಾಯಿತು.

ಅರ್ಧ ಗಂಟೆಯ ಮೇಲೆ ಬಂದು ಫೋನನ್ನು ಅವನೇ ಡಬ್ಬಿಯ ಮೇಲೆ ಇಟ್ಟ. "ಸುಮ್ನೆ ಮಾತಾಡಿಸೋಕೆ ಮಾಡಿದ್ದ. ಒಳ್ಳೇ ಹುಡುಗ," ಎಂದ. ಸಂಜೆ ಅಳತೆಗೆ ಬಂದ ಒಬ್ಬರಿಗೆ, "ಸೊಂಟ ಎಲ್ಲಿದೆ ಸರ್, ನೀವೇ ತೋರಿಸಿಬಿಡಿ," ಎಂದು ತಮಾಷೆ ಮಾಡಿದ. ಅವರು ನಕ್ಕರು. ಮಾಮ ಬಾಗಿಲಿಗೆ ಬಂದು, "ಓ, ಅಂಗಡಿ ಮತ್ತೆ ತೆರೀತು," ಎಂದರು.

ಬುಧವಾರ ಅವನು ಫೋನು ಕೇಳಿದ, ಮ್ಯಾನೇಜರ್ ಏನೋ ಹೇಳಬೇಕೆಂದಿದ್ದನಂತೆ. ಹತ್ತು ನಿಮಿಷದಲ್ಲಿ ವಾಪಸು ಕೊಟ್ಟ. ಗುರುವಾರ ಮಧ್ಯಾಹ್ನ ಕೇಳಿದ, ಸಂಜೆ ಕೊಟ್ಟ. ಶುಕ್ರವಾರ ಕೊಡಲಿಲ್ಲ. ಬಂದ ಕರೆಗಳನ್ನು ಅವನೇ ಎತ್ತುತ್ತಿದ್ದ. ಇನ್ನು ನಾನು ಯಾರಿಗೂ ಹಲೋ ಎನ್ನಬೇಕಿಲ್ಲವಲ್ಲ ಎಂದು ನನ್ನ ಒಂದು ಮನಸ್ಸಿಗೆ ಹಗುರವಾಯಿತು. ಅದನ್ನೂ ಹೇಳಬೇಕು.

ಅವನ ಭುಜದ ಹಿಂದಿನಿಂದ ಒಮ್ಮೆ ಪರದೆ ಕಂಡಿತು. ಹಸಿರು ಆಪ್ ಇರಲಿಲ್ಲ. ಅದು ತೊಂಬತ್ತು ದಿನ ಮುಚ್ಚಿಯೇ ಇತ್ತು, ಕೊಟ್ಟ ಮಾತಿಗೆ ತಪ್ಪದೆ. ಅದರ ಜಾಗದಲ್ಲಿ ನೀಲಿ ಬಣ್ಣದ್ದೊಂದು ಇತ್ತು, ಬೇರೆ ಹೆಸರು, ಒಳಗೆ ಎಲ್ಲ ಅದೇ. ದುಡ್ಡು ಹಾಕುವ ಗುಂಡಿ ಹೆಬ್ಬೆರಳಿನ ಅದೇ ಜಾಗದಲ್ಲಿ.

"ಇದು ಬೇರೆ ಕಂಪನೀನಾ?" ಎಂದೆ.

"ಅದರ ಅಣ್ಣತಮ್ಮ," ಎಂದ ಅಣ್ಣ. ನಕ್ಕ. "ಮೊದಲ ಸಲಕ್ಕೆ ದುಡ್ಡು ಅವರೇ ಕೊಟ್ಟಿದಾರೆ ಕಣೇ. ನಂದು ಒಂದು ಕಾಸೂ ಇಲ್ಲ. ಅತ್ತಿಗೆಗೆ ಹೇಳೋವಂಥದ್ದೇನೂ ಇಲ್ಲ ಇದ್ರಲ್ಲಿ."

ಅವರು ಕೊಟ್ಟ ದುಡ್ಡು ಮುಗಿದದ್ದು ಯಾವಾಗ ಎಂದು ನನಗೆ ಅವನು ಹೇಳಲಿಲ್ಲ. ಪ್ಯಾಂಟುಗಳು ಹೇಳಿದವು.

ಶಾಲೆಯ ಆರ್ಡರ್ ಮುನ್ನೂರು ಪ್ಯಾಂಟು, ಮಕ್ಕಳದು. ಬಟ್ಟೆ ಶಾಲೆಯವರೇ ತಾನುಗಟ್ಟಲೆ ಕೊಟ್ಟಿದ್ದರು. ನಮ್ಮ ಕಸುಬಿನಲ್ಲಿ ಕತ್ತರಿಸಿ ಉಳಿದ ಚೂರು ಕತ್ತರಿಸಿದವನದು. ಅದನ್ನು ಯಾರೂ ಕೇಳುವುದಿಲ್ಲ. ಸೈಕಲ್ಲಿನಲ್ಲಿ ಬರುವ ತುಂಡು ಬಟ್ಟೆಯವನಿಗೆ ಮಾರಿದರೆ ಚಹಾದ ಖರ್ಚು ಕಳೆಯುತ್ತದೆ. ಆದರೆ ಮಕ್ಕಳ ಬಟ್ಟೆಗೆ ಅಪ್ಪನ ಕಾಲದಿಂದ ಒಂದು ಕಟ್ಟಳೆ ಇತ್ತು. ಹಿಂದಿನ ಹೊಲಿಗೆಯಲ್ಲಿ, ಕಾಲಿನ ಮಡಿಕೆಯಲ್ಲಿ ಎರಡು ಬೆರಳಿನಷ್ಟು ಬಟ್ಟೆ ಒಳಗೆ ಬಿಡಬೇಕು. ಮಗು ಬೆಳೆಯುತ್ತದೆ. ಮುಂದಿನ ವರ್ಷ ತಾಯಿ ಅದನ್ನು ತರುತ್ತಾಳೆ, ನಾವು ಹೊಲಿಗೆ ಬಿಚ್ಚಿ ಅಗಲ ಮಾಡಿ ಕೊಡುತ್ತೇವೆ. ಹೊಸದು ಕೊಳ್ಳಲಾಗದವರು ಆ ಎರಡು ಬೆರಳನ್ನು ನಂಬಿಕೊಂಡು ನಮ್ಮ ಬಳಿ ಬರುತ್ತಾರೆ.

ಶುಕ್ರವಾರ ಅಣ್ಣ ಕತ್ತರಿಸಿದ ಪ್ಯಾಂಟಿನ ಕಾಲು ಮಡಿಚಲು ಹೋದಾಗ ನನ್ನ ಕೈಗೆ ಬಟ್ಟೆ ಸಾಲಲಿಲ್ಲ. ಇನ್ನೊಂದನ್ನು ತೆಗೆದೆ. ಒಂದೂವರೆ ಬೆರಳು. ಸೋಮವಾರ ಒಂದು ಬೆರಳಾಯಿತು. ಮುಂದಿನ ಗುರುವಾರ ಉಗುರಿನಷ್ಟು ಉಳಿದಿತ್ತು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಅಣ್ಣನ ಕತ್ತರಿ ಒಳ್ಳೆಯದು, ಗೆರೆ ಒಂದು ಕೂದಲೆಳೆ ತಪ್ಪುವುದಿಲ್ಲ. ಕಾಗದದ ಅಚ್ಚುಗಳನ್ನು ಒಂದಕ್ಕೊಂದು ಒತ್ತಿಸಿ, ಒಂದರ ಸೊಂಟಕ್ಕೆ ಇನ್ನೊಂದರ ಪಾದ ಸೇರಿಸಿ ಹಾಸುತ್ತಿದ್ದ. ನೋಡಲು ಚೆಂದವಾಗಿತ್ತು. ಮೂರು ತಾನು ಹಾಗೇ ಉಳಿಯಿತು. ಸೈಕಲ್ಲಿನವನು ಆ ವಾರ ನಾಲ್ಕು ಸಲ ಬಂದ.

ನಾನು ಅಣ್ಣನನ್ನು ಒಂದು ಸಲ ಕೇಳಿದೆ. "ಒಳಗೆ ಕಮ್ಮಿ ಆಯ್ತಲ್ಲ?"

"ಈಗಿನ ಮಕ್ಕಳು ಬೆಳೆಯಲ್ಲ ಬಿಡು. ಫೋನ್ ನೋಡ್ಕೊಂಡು ಕೂತಿರ್ತಾವೆ," ಎಂದ.

ಹನ್ನೊಂದನೆಯ ಭಾನುವಾರ ಮಾಮ ಕರೆದರು. ಕಟಿಂಗ್ ಅಂಗಡಿಯಲ್ಲಿ ಮೂರು ಕಡೆ ಕನ್ನಡಿ.

"ಹೇಗಿದಾರೆ?"

"ನಗ್ತಾನೆ ಅತ್ತಿಗೆ." ಅದು ನಿಜವಾಗಿತ್ತು.

"ಹೌದಾ." ಅವರ ದನಿ ಮೆತ್ತಗಾಯಿತು. "ಫೋನು?"

"ನನ್ನ ಹತ್ರಾನೇ ಇದೆ."

ಮೂರು ಕನ್ನಡಿಯಲ್ಲೂ ನನ್ನ ಬಾಯಿ ಆಡಿದ್ದು ಕಂಡಿತು. ನಿಜ ಹೇಳಬೇಕೆಂದರೆ ನಾನು ಫೋನು ಕೊಟ್ಟೆ ಎಂಬಲ್ಲಿಂದಲೇ ಶುರು ಮಾಡಬೇಕಿತ್ತು. ಆ ಮೊದಲ ಮಾತು ಬಾಯಿಗೆ ಬರಲಿಲ್ಲ. ಮಾಮ ನಲ್ಲಿ ನಿಲ್ಲಿಸಿ ನನ್ನನ್ನು ನೋಡಿದರು, ಮತ್ತೆ ನಲ್ಲಿ ಬಿಟ್ಟರು. ಹನ್ನೆರಡನೆಯ ಭಾನುವಾರವೂ ಅದೇ ಮಾತು ಹೇಳಿದೆ. ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ.

ತೊಂಬತ್ತನೆಯ ದಿನ ಶನಿವಾರ. ಅತ್ತಿಗೆ ಮಧ್ಯಾಹ್ನದ ಬಸ್ಸಿಗೆ ಬಂದರು, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮಗು. ಅಣ್ಣ ಬೆಳಿಗ್ಗೆಯೇ ಮಾಮನ ಹತ್ತಿರ ಗಡ್ಡ ಮಾಡಿಸಿಕೊಂಡಿದ್ದ. ಮಗುವನ್ನು ಎತ್ತಿ ಮೇಜಿನ ಮೇಲೆ ನಿಲ್ಲಿಸಿ ಟೇಪು ಹಿಡಿದು ಅಳೆದ.

"ಅಯ್ಯೋ, ಮೂರು ತಿಂಗಳಲ್ಲಿ ಇಷ್ಟು ಉದ್ದ ಆದ್ರೆ ಬಾಗಿಲು ಎತ್ತರ ಮಾಡಿಸ್ಬೇಕಾಗುತ್ತೆ."

ಮಗು ಕಿಲಕಿಲ ನಕ್ಕಿತು. ಅತ್ತಿಗೆ ಅವನನ್ನು ನೋಡುತ್ತ ನಿಂತರು. ಅವರ ಹುಬ್ಬಿನ ನಡುವೆ ಇದ್ದ ಗೆರೆ ಸಡಿಲವಾದದ್ದನ್ನು ನಾನು ನೋಡಿದೆ.

"ದಪ್ಪ ಆಗಿದೀರಿ," ಎಂದರು.

"ನಿನ್ನ ನಾದಿನಿ ಅಡುಗೆ. ಉಪ್ಪು ಇರಲ್ಲ, ಅದಕ್ಕೇ ಇನ್ನೊಂದು ತುತ್ತು ತಿಂದು ನೋಡೋದು, ಈಗಾದ್ರೂ ಸಿಗುತ್ತಾ ಅಂತ."

ಅತ್ತಿಗೆ ನಕ್ಕರು. ನನ್ನ ಬಳಿ ಬಂದು ತಲೆಯ ಮೇಲೆ ಕೈ ಇಟ್ಟರು. "ನೀನು ನನ್ನ ಮರ್ಯಾದೆ ಉಳಿಸ್ದೆ ಸೂಜಿ," ಎಂದರು. ನಾನು ತಲೆ ಎತ್ತಲಿಲ್ಲ. ಸಂಕೋಚಕ್ಕೆ ಎಂದುಕೊಂಡಿರಬೇಕು.

ಆಮೇಲೆ ಅವರು ಕೆಲಸ ಬಲ್ಲವರು ಮಾಡುವುದನ್ನೇ ಮಾಡಿದರು. ಸೋಮವಾರ ಶಾಲೆಗೆ ಹೋಗಬೇಕಿದ್ದ ಕಟ್ಟಿನಿಂದ ಒಂದು ಪ್ಯಾಂಟು ಎಳೆದು, ಕೂರುತ್ತ ಕೂರುತ್ತಲೇ ಒಳಗು ಹೊರಗು ಮಾಡಿದರು. ಹಿಂದಿನ ಹೊಲಿಗೆಗೆ ಹೆಬ್ಬೆರಳು ಹಚ್ಚಿದರು. ಕೈ ಅಲ್ಲೇ ನಿಂತಿತು. ಇನ್ನೊಂದನ್ನು ಎಳೆದರು. ಮೂರನೆಯದನ್ನು ಕಟ್ಟಿನ ಅಡಿಯಿಂದ ತೆಗೆದರು. ಅದರಲ್ಲಿ ಎರಡು ಬೆರಳು ಇತ್ತು. ಮೂರನ್ನೂ ಪಕ್ಕಪಕ್ಕ ಹಾಸಿದರು.

"ಏನ್ರೀ ಇದು?"

"ಏನು?" ಎಂದ ಅಣ್ಣ. ಮಗುವನ್ನು ಮೇಜಿನಿಂದ ಇಳಿಸಿದ. "ಶಾಲೆಯವರು ಬಟ್ಟೆ ಕಮ್ಮಿ ಕೊಟ್ರು. ನಾನೇನು ಮಾಡ್ಲಿ?"

"ಮೊದಲು ಕತ್ತರಿಸಿದ್ದಕ್ಕೆ ಸಾಕಾಯ್ತು, ಆಮೇಲೆ ಕತ್ತರಿಸಿದ್ದಕ್ಕೆ ಕಮ್ಮಿ ಆಯ್ತಾ?"

"ತಾನಿನ ಅಗಲ ಒಂದೊಂದು ಒಂದೊಂದು ಥರ ಇರುತ್ತೆ. ನಿನಗೆ ಗೊತ್ತಿಲ್ವಾ?"

"ನನಗೆ ಗೊತ್ತು. ಅದಕ್ಕೇ ಕೇಳ್ತಿದೀನಿ."

ಅಣ್ಣ ಇನ್ನೇನೋ ಹೇಳಲು ಬಾಯಿ ತೆರೆದ. ಆಗ ಅವನ ಜೇಬಿನಲ್ಲಿ ಫೋನು ಸಣ್ಣಗೆ ನಡುಗಿತು. ಒಂದೇ ಸಲ. ಅವನು ಅದನ್ನು ತೆಗೆಯಬಾರದಿತ್ತು. ತೆಗೆಯಬಾರದು ಎಂದು ಅವನಿಗೂ ಗೊತ್ತಿತ್ತು. ಕೈ ಜೇಬಿನ ಹತ್ತಿರ ಹೋಗಿ ನಿಂತು ಮತ್ತೆ ಹೋದದ್ದು ಕಂಡಿತು. ತೆಗೆದು ನೋಡಿದ. ಹೆಂಡತಿಯ ಎದುರು, ಮಗುವಿನ ಎದುರು, ಕಣ್ಣು ಪರದೆಯ ಮೇಲೆಯೇ ಉಳಿಯಿತು. ನಾವು ಮೂವರೂ ಅಲ್ಲಿ ಇದ್ದೇವೆ ಎಂಬುದು ಅವನ ಮುಖದಿಂದ ಇಳಿದುಹೋಯಿತು.

"ಒಂದೇ ನಿಮಿಷ," ಎಂದ. "ಇದು ನಡೀತಾ ಇದೆ. ಇದೊಂದು ಮುಗಿದ್ರೆ ಎಲ್ಲ ಸರಿಹೋಗುತ್ತೆ. ಆಮೇಲೆ ನೀನು ಏನು ಬೇಕಾದ್ರೂ ಅನ್ನು." ಹಿಂದಿನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ.

ಅತ್ತಿಗೆ ನನ್ನ ಕಡೆ ತಿರುಗಿದರು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಹತ್ತನೇ ಭಾನುವಾರ ಆದ್ಮೇಲೆ. ಮಂಗಳವಾರ ಅವನು ಫೋನ್ ಮಾಡಿದ್ದ, ಮ್ಯಾನೇಜರ್. ನಾನೇ ಎತ್ತಿದ್ದು. ನಾನೇ ಅಣ್ಣನಿಗೆ ಕೊಟ್ಟೆ."

"ಯಾಕೆ?"

"ನಗಿಸ್ತೀನಿ ಅಂದ."

ಅತ್ತಿಗೆ ಬೈದಿದ್ದರೆ ಚೆನ್ನಾಗಿತ್ತು. ಮೂರು ಪ್ಯಾಂಟನ್ನೂ ಮತ್ತೆ ಸರಿಯಾಗಿ ತಿರುಗಿಸಿ, ಮಡಿಸಿ, ಕಟ್ಟಿನ ಮೇಲೆ ಇಟ್ಟರು.

"ಅವನಿಗೆ ಅದೇ ಕೆಲ್ಸ," ಎಂದರು ಕೊನೆಗೆ. "ಸಂಬಳಕ್ಕೆ ನಗಿಸ್ತಾನೆ. ನಿನಗೆ ತಿಳೀಲಿಲ್ಲ, ಅದು ಬಿಡು. ಆಮೇಲೆ ಎರಡು ಭಾನುವಾರ ಹೇಳ್ದೆಯಲ್ಲ, ಅದನ್ನ ನಾನು ಎಲ್ಲಿಡ್ಲಿ?"

ಮಗು ಚಾಕ್ ಹಿಡಿದು ನೆಲದ ಮೇಲೆ ಗೆರೆ ಎಳೆಯುತ್ತಿತ್ತು. ಅತ್ತಿಗೆ ಅದರ ಕೈ ಒರೆಸಿ, ಚೀಲ ಎತ್ತಿಕೊಂಡರು. ಬಾಗಿಲ ಬಳಿ ನಿಂತು, ನನ್ನನ್ನು ನೋಡದೆ ಹೇಳಿದರು.

"ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇದೆ. ಎದುರಿನ ನಿಲ್ದಾಣದಲ್ಲಿ ಕೂತಿರ್ತೀನಿ. ಅವರು ಚಿಲಕ ತೆಗೆದು, ಅವರ ಕೈಯಾರೆ ಆ ಫೋನು ನಿನ್ನ ಕೈಗೆ ಕೊಟ್ರೆ ಬಂದು ಕರಿ. ಬರ್ತೀನಿ. ಮೊದಲಿಂದ ಮತ್ತೆ ತೊಂಬತ್ತು ದಿನ ಎಣಿಸೋಣ. ಕೊಡದಿದ್ರೆ ನೀನು ಬರಬೇಡ. ನೀನು ಬಂದು ಸುಮ್ನೆ ನಿಂತ್ರೆ ನನಗೆ ನೋಡೋಕಾಗಲ್ಲ."

ಅವರು ರಸ್ತೆ ದಾಟಿದರು. ನಿಲ್ದಾಣದಲ್ಲಿ ಬಿಸಿಲಿಗೆ ಮರೆ ಇದ್ದದ್ದು ದೊಡ್ಡ ಜಾಹೀರಾತಿನ ಹಲಗೆಯ ಕೆಳಗೆ ಮಾತ್ರ. ನೀಲಿ ಅಂಗಿಯ ಆಟಗಾರನೊಬ್ಬ ಅದರ ಮೇಲೆ ಎರಡೂ ಕೈ ಚಾಚಿ ನಗುತ್ತಿದ್ದ. ಅತ್ತಿಗೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನ ಕೆಳಗೆ ಕೂತರು, ಅಂಗಡಿಯ ಕಡೆ ಮುಖ ಮಾಡಿ.

ನಾನು ಹಿಂದಿನ ಕೋಣೆಯ ಬಾಗಿಲು ತಟ್ಟಿದೆ. ಒಳಗೆ ಫೋನಿನಲ್ಲಿ ಯಾರೋ ವೇಗವಾಗಿ ಬೇರೆ ಭಾಷೆಯಲ್ಲಿ ಪಂದ್ಯದ ವಿವರ ಹೇಳುತ್ತಿದ್ದರು. ಇನ್ನೊಮ್ಮೆ ತಟ್ಟಿದೆ. ಬಾಗಿಲ ಸಂದಿಯಲ್ಲಿ ಅಣ್ಣನ ಪಾದ ಕಾಣುತ್ತಿತ್ತು, ಹೆಬ್ಬೆರಳು ನೆಲಕ್ಕೆ ಒತ್ತಿಕೊಂಡಿತ್ತು, ಬಟ್ಟೆ ಕತ್ತರಿಸುವಾಗ ಒತ್ತುವ ಹಾಗೆ. ಅತ್ತಿಗೆ ಹೋಗ್ತಾರೆ ಎಂದೆ. ನನಗೇ ಕೇಳಿಸಲಿಲ್ಲ.

ರಸ್ತೆಯ ಆ ತುದಿಯಲ್ಲಿ ಬಸ್ಸು ತಿರುಗಿದ್ದು ಕಂಡಿತು. ನಾನು ಬಾಗಿಲಿಗೆ ಎರಡೂ ಅಂಗೈ ಹಚ್ಚಿದೆ. ಏಳನೆಯ ತರಗತಿಯಲ್ಲಿ ಯಾವ ದನಿ ಹೊರಡಲಿಲ್ಲವೋ ಆ ದನಿಯಲ್ಲಿ, ಪಕ್ಕದ ಅಂಗಡಿಯಲ್ಲಿ ಕತ್ತರಿಯ ಸದ್ದು ನಿಲ್ಲುವಷ್ಟು ಗಟ್ಟಿಯಾಗಿ ಹೇಳಿದೆ.

"ಅಣ್ಣಾ, ಚಿಲಕ ತೆಗಿ. ಆ ಫೋನು ನನ್ನ ಕೈಗೆ ಕೊಡು."